ಬೀಟೆಯ ರಹದಾರಿ

ಅಂಬರನಾಥದ ಆನಂದನಗರ ಎಂ.ಐ.ಡಿ.ಸಿ.ಯಲ್ಲಿ ಗಿಟಾರಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ನೌಕರಿಯ ಬಹುಪಾಲು ಕಳೆಯಿತು. ಮರ ಕೊಯ್ಯುವವರು, ಕೀಸುವವರು, ಒಣಗಿಸುವವರು ಬೇರೆ ಇದ್ದರು. ನನ್ನದು ಕಾಗದಪತ್ರದ ಕೆಲಸ. ಬೀಟೆಯ ದಿಮ್ಮಿ ಯಾವ ಡಿಪೋದ ಹರಾಜಿನಲ್ಲಿ ಸಿಕ್ಕಿತು, ಯಾವ ರಹದಾರಿಯ ಮೇಲೆ ರಾಜ್ಯದ ಗಡಿ ದಾಟಿತು, ಕೊಯ್ದಾಗ ಎಷ್ಟು ಹಲಗೆ ಬಂತು, ಎಷ್ಟು ಹೊಟ್ಟಾಗಿ ಹೋಯಿತು, ತಯಾರಾದ ಮಾಲು ಯಾವ ಪೆಟ್ಟಿಗೆಯಲ್ಲಿ ಯಾವ ದೇಶಕ್ಕೆ ಹೊರಟಿತು ಎಂಬ ಲೆಕ್ಕವೆಲ್ಲ ನನ್ನ ಮೇಜಿನ ಮೇಲೆ ತಾಳೆಯಾಗಬೇಕಿತ್ತು. ಈಗ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದೇನೆ. ಒಂದು ಮರವನ್ನು ಕಾನೂನು ಹೇಗೆ ಕಾಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಆ ಮೇಜು ನನಗೆ ತೋರಿಸಿಕೊಟ್ಟಿತು. ಕಂಡದ್ದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಮನಸ್ಸಿತ್ತು.

ಮರದ ಕಸುಬು ಅಂಬರನಾಥಕ್ಕೆ ಹಳೆಯದು. ಸ್ವೀಡನ್ನಿನವರು ಕಟ್ಟಿದ ವಿಮ್ಕೋ ಬೆಂಕಿಪೊಟ್ಟಣದ ಕಾರ್ಖಾನೆ ದಶಕಗಟ್ಟಲೆ ಈ ಊರಿನ ಸಾವಿರಾರು ಮನೆಗಳ ಒಲೆ ಉರಿಸಿತು. ರಿಕ್ಷಾದವರಿಗೆ ಇವತ್ತಿಗೂ ವಿಮ್ಕೋ ನಾಕಾ ಎಂದರೆ ಸಾಕು. ಪಕ್ಕದ ಉಲ್ಲಾಸನಗರದ ಫರ್ನಿಚರ್ ಬಜಾರಿನಲ್ಲಿ ಮಂಚ, ಕಪಾಟುಗಳಿಗೆ ಪಾಲಿಶ್ ಹೊಡೆಯುವ ವಾಸನೆ ರಸ್ತೆಯವರೆಗೂ ಬರುತ್ತದೆ. ಮುಂಬಯಿ ಸುತ್ತಮುತ್ತಲಿನ ಸಾಮಿಲ್ಲುಗಳಲ್ಲಿ ಬಹಳಷ್ಟು ಕಚ್ಛೀ ಪಟೇಲರವು. ನಮ್ಮ ಸೇಠರೂ ಅವರ ಪೈಕಿಯೇ. ಬೀಟೆಗೂ ಮುಂಬಯಿಗೂ ನಂಟು ಇನ್ನೂ ಹಿಂದಿನದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ಮತ್ತು ಪಾರ್ಸಿಗಳ ಬಂಗಲೆಗಳಲ್ಲಿ ಮೆರೆದ, ಎಲೆ ಬಳ್ಳಿಗಳ ತುಂಬು ಕೆತ್ತನೆಯ ‘ಬಾಂಬೆ ಬ್ಲ್ಯಾಕ್‌ವುಡ್’ ಕುರ್ಚಿ ಮೇಜುಗಳು ಬೀಟೆಯಿಂದಲೇ ಆದವು.

ನಾನು ದಾಂಡೇಲಿ ಕಡೆಯವನು. 1956ರ ನವೆಂಬರ್ 1ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ಅಳ್ನಾವರದಿಂದ ದಾಂಡೇಲಿಗೆ ರೈಲುಹಳಿ ಬಂದದ್ದೇ ಕಾಡಿನ ಮರ ಸಾಗಿಸಲು. ಅಪ್ಪ ಸರ್ಕಾರಿ ನಾಟಾ ಡಿಪೋದಲ್ಲಿ ಅಳತೆಯ ಕೆಲಸ ಮಾಡುತ್ತಿದ್ದರು. ಮಳೆಗಾಲ ಮುಗಿದು ಹರಾಜು ಶುರುವಾಗುವ ಹೊತ್ತಿಗೆ ಡಿಪೋ ತುಂಬ ದಿಮ್ಮಿಗಳು ಸಾಲುಗಟ್ಟಿ ಮಲಗಿರುತ್ತಿದ್ದವು. ಅಪ್ಪ ದಿಮ್ಮಿಯ ನಡುಭಾಗಕ್ಕೆ ಟೇಪು ಸುತ್ತಿ ಸುತ್ತಳತೆ ಹಿಡಿಯುವರು, ಅದರ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಮತ್ತೊಮ್ಮೆ ಗುಣಿಸುವರು. ಬಂದ ಘನ ಅಳತೆ ಪುಸ್ತಕಕ್ಕೆ ಹೋಗುವುದು, ನಂಬರು ಬಣ್ಣದಲ್ಲಿ ದಿಮ್ಮಿಯ ಮೇಲೆ ಬರುವುದು. ಅದಾದ ಮೇಲೆ ಸುತ್ತಿಗೆ. ಅದರ ಒಂದು ಮುಖದಲ್ಲಿ ಅಕ್ಷರಗಳು ಉಬ್ಬಿಕೊಂಡಿರುತ್ತಿದ್ದವು. ಕೊಯ್ದ ಮುಖದ ಕೆಂಗಪ್ಪು ಚೇಗಿನ ಮೇಲೆ ಒಂದೇ ಏಟು. ಎರಡನೇ ಏಟು ಬಿದ್ದರೆ ಅಕ್ಷರ ಕಲಸಿಹೋಗುತ್ತದೆ. ಚೇಗಿನ ಸುತ್ತಲಿನ ಬಿಳಿಮರದ ಮೇಲೆ ಮುದ್ರೆ ಹಾಕಲು ಅಪ್ಪ ಬಿಡುತ್ತಿರಲಿಲ್ಲ. ಬಿಳಿಮರಕ್ಕೆ ಬೇಗ ಹುಳ ಬೀಳುತ್ತದೆ, ಅದು ಪುಡಿಯಾದರೆ ಮುದ್ರೆಯೂ ಹೋಯಿತು ಎನ್ನುವರು.

‘ಮುದ್ರೆ ಇಲ್ದಿದ್ ದಿಮ್ಮಿ ಸರ್ಕಾರದ್ದೇ ಅಂತ ಲೆಕ್ಕ, ಮಗಾ. ಅದು ತನ್ದು ಅಂತ ತೋರಿಸೂದು ಇಟ್ಕೊಂಡವನ ಕೆಲಸ’ ಎಂದು ಅಪ್ಪ ಹೇಳುತ್ತಿದ್ದರು. ಅದು ಅವರ ಸ್ವಂತ ಮಾತೆಂದು ನಾನು ತಿಳಿದಿದ್ದೆ. ಅಂಬರನಾಥಕ್ಕೆ ಬಂದು 1927ರ ಭಾರತೀಯ ಅರಣ್ಯ ಕಾಯ್ದೆಯನ್ನು ಓದಬೇಕಾಗಿ ಬಂದಾಗ, 69ನೇ ಕಲಮಿನಲ್ಲಿ ಅದೇ ಮಾತು ಕಂಡಿತು. ಅರಣ್ಯದ ಉತ್ಪನ್ನ ಯಾರದು ಎಂಬ ತಕರಾರು ಬಂದರೆ, ಬೇರೆಯದು ಸಾಬೀತಾಗುವವರೆಗೆ ಅದು ಸರ್ಕಾರದ್ದೇ ಎಂದು ಭಾವಿಸಬೇಕು. ಮನೆಯ ಬೇರೆ ಯಾವ ಸಾಮಾನಿಗೂ ಈ ನಿಯಮ ಇಲ್ಲ. ಮರ ಕೊಂಡವನು ರಸೀದಿಯನ್ನೂ ರಹದಾರಿಯನ್ನೂ ಜೋಪಾನ ಮಾಡದಿದ್ದರೆ ಅವನು ಕೊಟ್ಟ ಹಣಕ್ಕೆ ಬೆಲೆಯಿಲ್ಲ. ನನ್ನ ನೌಕರಿ ನಿಂತಿದ್ದು ಈ ಒಂದು ಕಲಮಿನ ಮೇಲೆ.

ದಾಂಡೇಲಿಯ ಮರ ಗಿಟಾರಿನ ಹೊಟ್ಟೆ ಸೇರಿದ ದಾರಿ ದೊಡ್ಡದು. ಬಹಳ ಕಾಲ ಅಮೆರಿಕ, ಯುರೋಪುಗಳ ಒಳ್ಳೆಯ ಗಿಟಾರುಗಳ ಹಿಂಬದಿ ಮತ್ತು ಪಕ್ಕೆಗಳಿಗೆ ಬ್ರೆಜಿಲ್ ದೇಶದ ರೋಸ್‌ವುಡ್ ಬಳಸುತ್ತಿದ್ದರು. 1960ರ ದಶಕದ ಕೊನೆಗೆ ಬ್ರೆಜಿಲ್ ಸರ್ಕಾರ ದಿಮ್ಮಿಗಳ ರಫ್ತಿಗೆ ತಡೆ ಹಾಕಿತು. ಅಮೆರಿಕದ ಹಳೆಯ ಗಿಟಾರ್ ಕಂಪನಿ ಮಾರ್ಟಿನ್ 1969ರಲ್ಲಿ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಬೀಟೆಗೆ, ಬದಲಾಯಿಸಿಕೊಂಡಿತು. ಉಳಿದವರು ಹಿಂದೆಯೇ ಬಂದರು. 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ಸೇರಿದ ಸೈಟಿಸ್ ಸಭೆ ಬ್ರೆಜಿಲಿನ ಆ ಮರವನ್ನು ಹುಲಿ, ಆನೆಗಳಿರುವ ಒಂದನೇ ಅನುಬಂಧಕ್ಕೆ ಸೇರಿಸಿತು. ಅಳಿವಿನ ಅಂಚಿನ ಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡಲು 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಆದ ಒಪ್ಪಂದವೇ ಸೈಟಿಸ್. ಭಾರತ ಅದಕ್ಕೆ 1976ರಲ್ಲಿ ಸೇರಿತು. ಬ್ರೆಜಿಲಿನ ಮರದ ಬಾಗಿಲು ಮುಚ್ಚಿದ ಮೇಲೆ ಗಿಟಾರ್ ಲೋಕದ ಕಣ್ಣು ಪೂರ್ತಿ ನಮ್ಮ ಪಶ್ಚಿಮ ಘಟ್ಟದ ಮೇಲೆ ಬಿತ್ತು. ದಾಂಡೇಲಿ, ನಾಗರಹೊಳೆ, ವಯನಾಡು ಸೀಮೆಯ ಎಲೆಯುದುರುವ ಕಾಡುಗಳಲ್ಲಿ ನಿಧಾನವಾಗಿ ಬಲಿಯುವ ಈ ಮರವನ್ನು ಕೊಳ್ಳುವವರು ಸಾವಿರಾರು ಮೈಲಿ ದೂರದಿಂದ ಹುಡುಕಿಕೊಂಡು ಬಂದರು.

ನಮ್ಮ ಕಾರ್ಖಾನೆಯಲ್ಲಿ ಮೂರು ಬಗೆಯ ಮಾಲು ಆಗುತ್ತಿತ್ತು. ಎಡಗೈ ಬೆರಳು ಓಡುವ ಫಿಂಗರ್‌ಬೋರ್ಡ್, ತಂತಿಗಳನ್ನು ಹಿಡಿದಿಡುವ ಬ್ರಿಜ್, ಮತ್ತೆ ಹಿಂಬದಿ ಹಾಗೂ ಪಕ್ಕೆಯ ತೆಳು ಹಲಗೆಗಳ ಜೋಡಿ. ಈ ಜೋಡಿಯ ಕೆಲಸ ನೋಡುವುದೇ ಒಂದು ಸುಖ. ದಿಮ್ಮಿಯನ್ನು ನಡುವಿನಿಂದ ನಾಲ್ಕು ಸೀಳು ಮಾಡಿ, ಎಳೆ ನೆಟ್ಟಗೆ ನಿಲ್ಲುವ ಹಾಗೆ ಕೊಯ್ಯಬೇಕು. ನಮ್ಮ ಹಿರಿಯ ಮಿಸ್ತ್ರಿ ಉತ್ತರ ಪ್ರದೇಶದವರು, ಉಲ್ಲಾಸನಗರದ ಫರ್ನಿಚರ್ ಅಂಗಡಿಗಳಲ್ಲಿ ಕೈ ಪಳಗಿಸಿಕೊಂಡು ಬಂದವರು. ಒಂದರ ಹಿಂದೆ ಒಂದು ಕೊಯ್ದ ಎರಡು ಹಲಗೆಗಳನ್ನು ಪುಸ್ತಕ ತೆರೆದಂತೆ ಅವರು ಬಿಡಿಸಿ ಇಟ್ಟರೆ, ಎಡಗಡೆಯ ಕಪ್ಪು ಗೆರೆಗಳೇ ಬಲಗಡೆಗೂ ತಿರುಗಿ ಬಂದಿರುತ್ತಿದ್ದವು. ಆಮೇಲೆ ಹಲಗೆಯ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ತೂಗುಬಿಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟುವರು. ಒಳ್ಳೆಯ ಬೀಟೆ ಗಂಟೆ ಬಾರಿಸಿದ ಹಾಗೆ ಬಹಳ ಹೊತ್ತು ನುಡಿಯುತ್ತದೆ. ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಅಲ್ಲೇ ಸತ್ತುಹೋಗುತ್ತದೆ. ಅಂಥದ್ದನ್ನು ಅವರು ಮಾತಿಲ್ಲದೆ ಪಕ್ಕಕ್ಕೆ ಇಡುವರು. ಅದು ಬ್ರಿಜ್ ಮಾಡುವ ತುಂಡಾಗುತ್ತಿತ್ತು.

ಅಂಬರನಾಥದ ಮಳೆಗಾಲ ಈ ಕಸುಬಿಗೆ ದೊಡ್ಡ ಪರೀಕ್ಷೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಹಲಗೆಗಳ ನಡುವೆ ಸಣ್ಣ ಪಟ್ಟಿ ಕೊಟ್ಟು ಪೇರಿಸಿ, ಮುಚ್ಚಿದ ಕೋಣೆಯಲ್ಲಿ ಯಂತ್ರ ಇಟ್ಟು ತೇವ ಎಳೆಯಬೇಕು. ಇಲ್ಲಿ ಸರಿಯಾಗಿ ಒಣಗದ ಹಲಗೆ ಸ್ಪೇನಿನ ಒಣ ಹವೆಯಲ್ಲಿ ಸೀಳುತ್ತದೆ. ಬೀಟೆ ಕೊಯ್ಯುವಾಗ ಏಳುವ ನೇರಳೆ ಪುಡಿಗೆ ಸಿಹಿ ವಾಸನೆ. ಕೆಲವರ ಮೈಗೆ ಅದು ಆಗದು, ಕೈತುಂಬ ಕಜ್ಜಿ ಏಳುತ್ತದೆ. ಇಷ್ಟು ಕಷ್ಟಪಟ್ಟ ಜನರ ಕೂಲಿಯ ಭದ್ರತೆ ನನ್ನ ಮೇಜಿನ ಕಾಗದದಲ್ಲಿತ್ತು. ಒಂದು ರಹದಾರಿಯ ತಾರೀಕು ತಪ್ಪಿದರೂ ಅವರು ತಿಂಗಳುಗಟ್ಟಲೆ ಮಾಡಿದ ಕೆಲಸ ಬಂದರಿನಲ್ಲಿ ಕೊಳೆಯಬೇಕಾಗುತ್ತಿತ್ತು.

ಆ ಕಾಗದದ ಸರಪಳಿ ಹೀಗಿತ್ತು. ಡಿಪೋದ ಹರಾಜಿನಲ್ಲಿ ಹಣ ಕಟ್ಟಿದ ರಸೀದಿ, ಲಾಟಿನ ಪಟ್ಟಿ, ದಿಮ್ಮಿ ದಿಮ್ಮಿಯ ಅಳತೆ. ಕರ್ನಾಟಕದ ವಲಯ ಅರಣ್ಯಾಧಿಕಾರಿ ಕೊಟ್ಟ ರಹದಾರಿ. ಅದರಲ್ಲಿ ಲಾರಿ ನಂಬರು, ದಾರಿ, ಅವಧಿ. ಗಡಿಯ ನಾಕಾದ ಮೊಹರು. ಮಹಾರಾಷ್ಟ್ರದಲ್ಲಿ ಇಳಿಸಿದ ಮೇಲೆ ಇಲ್ಲಿನ ಅರಣ್ಯ ಇಲಾಖೆಗೆ ತಿಳಿಸಿ ದಾಸ್ತಾನು ಪುಸ್ತಕಕ್ಕೆ ಏರಿಸುವುದು. ಕೊಯ್ಯುವ ಸಾಮಿಲ್ಲಿಗೆ ಪರವಾನಗಿ ಇರಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಮರದ ವ್ಯಾಪಾರಕ್ಕೆ ದೊಡ್ಡ ತಿರುವು. ಕಾಡು ಎಂದರೇನು ಎಂಬ ವ್ಯಾಖ್ಯಾನವನ್ನೇ ಕೋರ್ಟು ಹಿಗ್ಗಿಸಿತು. ಪರವಾನಗಿ ಇಲ್ಲದ ಸಾಮಿಲ್ಲುಗಳ ಮೇಲೆ ದೇಶದಾದ್ಯಂತ ಕಣ್ಣು ಬಿತ್ತು. ಆಗ ಬಹಳ ಜನ ವ್ಯಾಪಾರಿಗಳು ಗೊಣಗಿದರು. ನಮ್ಮ ಸೇಠರು ಮಾತ್ರ, ‘ಈಗ ನಮ್ಮ ಮಾಲಿಗೆ ಬೆಲೆ ಬಂತು. ಕಾಗದ ಇಲ್ಲದವರ ಜೊತೆ ಇನ್ನು ರೇಟಿಗೆ ಜಗ್ಗಾಡಬೇಕಿಲ್ಲ’ ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ನೆಟ್ಟಗೆ ದುಡಿಯುವವನಿಗೆ ಕಾನೂನು ಆಸರೆಯೇ ಹೌದು.

ಆಸರೆ ಅಲುಗುವುದೂ ಉಂಟು. ಕೊಯ್ದ ಮರ 6 ಮಿಲಿಮೀಟರಿಗಿಂತ ದಪ್ಪವಿದ್ದರೆ ಸುಂಕದ ಪಟ್ಟಿಯಲ್ಲಿ 4407ನೇ ಶೀರ್ಷಿಕೆ, ಅಷ್ಟರೊಳಗಿದ್ದರೆ 4408. ಮೊದಲನೆಯದರ ರಫ್ತಿಗೆ ನಮ್ಮ ದೇಶದಲ್ಲಿ ನಿಷೇಧ, ಎರಡನೆಯದಕ್ಕೆ ದಾರಿಯಿತ್ತು. ಹಾಗಾದರೆ ಸುಮಾರು 10 ಮಿಲಿಮೀಟರ್ ದಪ್ಪದ ಫಿಂಗರ್‌ಬೋರ್ಡ್ ಎಲ್ಲಿ ಸೇರಬೇಕು? ಅಳತೆ ನೋಡಿದರೆ ಕೊಯ್ದ ಮರ. ಕೆಲಸ ನೋಡಿದರೆ 9209ನೇ ಶೀರ್ಷಿಕೆಯ ವಾದ್ಯದ ಬಿಡಿಭಾಗ. ಈ ಪ್ರಶ್ನೆ 2011ರ ಆಗಸ್ಟ್‌ನಲ್ಲಿ ಜಗತ್ತಿಗೆಲ್ಲ ಗೊತ್ತಾಯಿತು. ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಂಪನಿಯ ನ್ಯಾಶ್‌ವಿಲ್ ಮತ್ತು ಮೆಂಫಿಸ್ ಕಾರ್ಖಾನೆಗಳನ್ನು ಶೋಧಿಸಿ ಭಾರತದಿಂದ ಬಂದ ಬೀಟೆ, ಎಬೊನಿ ಹಲಗೆಗಳನ್ನು ವಶಪಡಿಸಿಕೊಂಡರು. ಬೇರೆ ದೇಶದ ಕಾನೂನು ಮುರಿದು ಪಡೆದ ಮರವನ್ನು ಅಮೆರಿಕಕ್ಕೆ ತರುವುದೂ ಕೊಳ್ಳುವುದೂ ಅಪರಾಧ ಎನ್ನುವ ಲೇಸಿ ಕಾಯ್ದೆಗೆ 2008ರಲ್ಲಿ ಸಸ್ಯಗಳನ್ನೂ ಸೇರಿಸಿದ್ದರು. 2009ರಲ್ಲಿ ಮಡಗಾಸ್ಕರಿನ ಎಬೊನಿಗಾಗಿ ಅದೇ ಕಂಪನಿಯ ಮೇಲೆ ಒಮ್ಮೆ ಶೋಧ ನಡೆದಿತ್ತು. 2012ರ ಆಗಸ್ಟ್‌ನಲ್ಲಿ ರಾಜಿಯಾಗಿ ಗಿಬ್ಸನ್ 3 ಲಕ್ಷ ಡಾಲರ್ ದಂಡ ಕಟ್ಟಿತು, ಸಂರಕ್ಷಣೆಗೆಂದು ಇನ್ನೂ 50 ಸಾವಿರ ಕೊಟ್ಟಿತು. ಭಾರತದ ಫಿಂಗರ್‌ಬೋರ್ಡ್‌ಗಳ ವಿಷಯದಲ್ಲಿ ಭಾರತದ ನಿಯಮವೇ ಆಗ ಸ್ಪಷ್ಟವಿರಲಿಲ್ಲ ಎಂದು ಅಮೆರಿಕ ಸರ್ಕಾರವೂ ಒಪ್ಪಿತು.

2011ರ ಆ ಶೋಧದ ವಾರ ನಮ್ಮ ಕಾರ್ಖಾನೆಯ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಇಲ್ಲಿಯ ಕಾನೂನಿನ ಒಂದು ಸಂದಿ ಮುಚ್ಚದೆ ಉಳಿದರೆ, ಅದರ ಏಟು ಹತ್ತು ಸಾವಿರ ಮೈಲಿ ಆಚೆಯ ಕಾರ್ಮಿಕನಿಗೂ ಬೀಳುತ್ತದೆ, ಅಂಬರನಾಥದ ಮಿಸ್ತ್ರಿಗೂ ಬೀಳುತ್ತದೆ. ಸೇಠರು ಅಂದಿನಿಂದ ಅರೆಬರೆ ಹಲಗೆ ಕಳಿಸುವುದನ್ನು ನಿಲ್ಲಿಸಿದರು. ಫಿಂಗರ್‌ಬೋರ್ಡಿಗೆ ಬಾಗು ಕೊಟ್ಟು, ಫ್ರೆಟ್ ಕೂರುವ ಗೀರುಗಳನ್ನು ಇಲ್ಲೇ ಕೊಯ್ದು, ನೋಡಿದವರಿಗೆ ಇದು ಗಿಟಾರಿನದೇ ಎಂದು ಸಂಶಯವಿಲ್ಲದೆ ತಿಳಿಯುವಂತೆ ಮುಗಿಸಿ ಕಳಿಸಿದೆವು. ಅದರಿಂದ ಇಲ್ಲಿನವರ ಕೈಗೆ ಹೆಚ್ಚು ಕೆಲಸ ಸಿಕ್ಕಿತು. ಮರ ಹೋಗುವುದಾದರೆ ಕೈಕೆಲಸದ ಬೆಲೆಯೊಂದಿಗೆ ಹೋಗಲಿ ಎಂಬ ರಫ್ತು ನಿಯಮದ ಉದ್ದೇಶ ನನಗೆ ಅವತ್ತೂ ಸರಿ ಕಂಡಿತ್ತು, ಇವತ್ತೂ ಸರಿ ಕಾಣುತ್ತದೆ.

ನಿಜವಾದ ಬಿರುಗಾಳಿ ಎದ್ದದ್ದು 2016ರಲ್ಲಿ. ಆ ವರ್ಷ ಜೊಹಾನ್ಸ್‌ಬರ್ಗಿನಲ್ಲಿ ಸೇರಿದ ಸೈಟಿಸ್ ಸಭೆ ಡಾಲ್ಬರ್ಜಿಯಾ ಕುಲವನ್ನು ಇಡಿಯಾಗಿ, ಸುಮಾರು 300 ಪ್ರಭೇದಗಳನ್ನು, ಎರಡನೇ ಅನುಬಂಧಕ್ಕೆ ಸೇರಿಸಿತು. ನಮ್ಮ ಬೀಟೆ ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಉತ್ತರ ಭಾರತದ ಶೀಸಂ ಡಾಲ್ಬರ್ಜಿಯಾ ಸಿಸ್ಸೂ. ಎರಡೂ ಒಳಗೆ ಬಂದವು. ಕಾರಣ ಗಟ್ಟಿಯಾಗಿಯೇ ಇತ್ತು. ಚೀನಾದ ಹೊಂಗ್‌ಮು ಪೀಠೋಪಕರಣಗಳ ಬೇಡಿಕೆಗೆ ಮಡಗಾಸ್ಕರ್, ಥಾಯ್ಲೆಂಡ್, ಮಧ್ಯ ಅಮೆರಿಕದ ರೋಸ್‌ವುಡ್ ಕಾಡುಗಳು ಬರಿದಾಗುತ್ತಿದ್ದವು. ವಿಶ್ವಸಂಸ್ಥೆಯ ವನ್ಯಜೀವಿ ಅಪರಾಧದ ವರದಿ ವಶಪಡಿಸಿಕೊಂಡ ಸರಕಿನ ಬೆಲೆಯಲ್ಲಿ ರೋಸ್‌ವುಡ್ ಮೊದಲ ಸ್ಥಾನದಲ್ಲಿದೆ ಎಂದು ಅದೇ ವರ್ಷ ಹೇಳಿತು. ಕೊಯ್ದ ಹಲಗೆ ನೋಡಿ ಇದು ಯಾವ ದೇಶದ ಯಾವ ಪ್ರಭೇದ ಎಂದು ಸುಂಕದ ಅಧಿಕಾರಿ ಹೇಳಲಾರ. ಆದ್ದರಿಂದ ಕುಲಕ್ಕೇ ಬೇಲಿ ಹಾಕಿದರು. 2017ರ ಜನವರಿ 2ರಿಂದ ಅದು ಜಾರಿಗೆ ಬಂತು.

ವ್ಯಾಪಾರಕ್ಕೆಂದು ಗಡಿ ದಾಟುವ ಪ್ರತಿಯೊಂದು ಗಿಟಾರಿಗೂ, ಅದರ ಮೇಲೆ ಅಂಗೈಯಗಲದ ಬೀಟೆಯ ಬ್ರಿಜ್ ಮಾತ್ರ ಇದ್ದರೂ, ದಾಖಲೆ ಬೇಕಾಯಿತು. ಯುರೋಪಿಗೆ ಹೋಗುವ ಮಾಲಿಗೆ ನಮ್ಮ ಕಡೆಯ ಕಾಗದವಲ್ಲದೆ ಅಲ್ಲಿಯ ಆಮದು ಪರವಾನಗಿಯೂ ಬೇಕಿತ್ತು. 10 ಕಿಲೋ ವಿನಾಯಿತಿ ಇದ್ದದ್ದು ವ್ಯಾಪಾರಕ್ಕಲ್ಲದ ಸಾಗಣೆಗೆ. ತನ್ನ ಗಿಟಾರ್ ಹಿಡಿದು ಕಛೇರಿಗೆ ಹೊರಟ ಕಲಾವಿದನಿಗೆ ಅದರಿಂದ ಅನುಕೂಲ. ಪೆಟ್ಟಿಗೆ ಕಳಿಸುವ ಕಾರ್ಖಾನೆಗೆ ಏನೂ ಇಲ್ಲ. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿಯ ‘ವೃಕ್ಷ್’ ಪ್ರಮಾಣಪತ್ರವನ್ನು ಸೈಟಿಸ್ ಪರವಾನಗಿಗೆ ಸಮಾನವಾದ ದಾಖಲೆಯಾಗಿ ಭಾರತ ಮುಂದಿಟ್ಟಿತು. ನಮ್ಮಂಥವರಿಗೆ ಅದೇ ದಾರಿ. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಕೇಳುತ್ತಿದ್ದದ್ದು ಮತ್ತೆ ಅದೇ ಹಳೆಯ ಕಾಗದಗಳನ್ನು: ಡಿಪೋದ ರಸೀದಿ, ರಹದಾರಿ, ದಾಸ್ತಾನು ಪುಸ್ತಕ. ಅಪ್ಪ ಹೊಡೆಯುತ್ತಿದ್ದ ಸುತ್ತಿಗೆಯ ಮುದ್ರೆಯಿಂದ ಶುರುವಾದ ಸರಪಳಿ ತುಂಡಾಗಿರದಿದ್ದರೆ ಮಾತ್ರ ನ್ಹಾವಾ ಶೇವಾ ಬಂದರಿನಲ್ಲಿ ಪೆಟ್ಟಿಗೆ ಹಡಗು ಹತ್ತುತ್ತಿತ್ತು.

ನಮ್ಮಲ್ಲಿ ಸರಪಳಿ ಗಟ್ಟಿಯಿತ್ತು. ಆದರೂ ಆರ್ಡರುಗಳು ಕಮ್ಮಿಯಾದವು. ಕೊಳ್ಳುವವರು ಹೆದರಿದರು. ಫೆಂಡರ್ ಕಂಪನಿ ತನ್ನ ಮೆಕ್ಸಿಕೊ ಕಾರ್ಖಾನೆಯ ಗಿಟಾರುಗಳಿಗೆ ರೋಸ್‌ವುಡ್ ಬಿಟ್ಟು ದಕ್ಷಿಣ ಅಮೆರಿಕದ ಪಾವ್ ಫೆರೊ ಹಾಕಲು ತೊಡಗಿತು. ಒಬ್ಬ ಹಳೆಯ ಗಿರಾಕಿ, ನಿಮ್ಮ ಮರದ ಮೇಲೆ ಅನುಮಾನವಿಲ್ಲ, ನಮ್ಮ ಕಡೆಯ ಕಾಗದಕ್ಕೆ ಕಾಯುವಷ್ಟು ವ್ಯವಧಾನ ಇಲ್ಲ ಎಂದು ಬರೆದರು. ಮಳೆಗಾಲದ ಮೊದಲೇ ಇಬ್ಬರು ಹುಡುಗರನ್ನು ಕೆಲಸದಿಂದ ಬಿಡಿಸಿ ಉಲ್ಲಾಸನಗರದ ಫರ್ನಿಚರ್ ಅಂಗಡಿಗಳಿಗೆ ಕಳಿಸಬೇಕಾಯಿತು. ಕಳ್ಳಸಾಗಣೆಯವನಿಗೆ ಹಾಕಿದ ಬಲೆಯಲ್ಲಿ ಮೊದಲು ಸಿಕ್ಕಿಬಿದ್ದವರು ಅವರು. ಬೀಟೆಯೊಳಗೆ ಚಿತ್ರ ಕೂರಿಸುವ ಮೈಸೂರಿನ ಕಸುಬುದಾರರು, ಸಹಾರನ್‌ಪುರದ ಕೆತ್ತನೆಯವರು ಎಲ್ಲರಿಗೂ ಅದೇ ಬಿಸಿ ತಟ್ಟಿತು. ಶೀಸಂ ಕರಕುಶಲ ವಸ್ತುಗಳ ರಫ್ತು ವರ್ಷಕ್ಕೆ ಸುಮಾರು 1,000 ಕೋಟಿ ರೂಪಾಯಿಯಿಂದ 500-600 ಕೋಟಿಗೆ ಇಳಿಯಿತೆಂದೂ, ಸುಮಾರು 50,000 ಕುಶಲಕರ್ಮಿಗಳ ಬದುಕಿಗೆ ಪೆಟ್ಟು ಬಿತ್ತೆಂದೂ ಕೇಂದ್ರ ಸರ್ಕಾರವೇ 2022ರಲ್ಲಿ ಹೇಳಿತು.

ಆ ದಿನಗಳಲ್ಲಿ ಒಂದು ಮಾಲಿನ ಪ್ರಭೇದದ ಬಗ್ಗೆ ಪ್ರಶ್ನೆ ಬಂದು, ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ನಾನೇ ತುಂಡುಗಳನ್ನು ಒಯ್ದಿದ್ದೆ. ಅಲ್ಲಿ ಮರದ ಅಡ್ಡಮುಖವನ್ನು ಚೂಪಾದ ಅಲಗಿನಿಂದ ತೆಳ್ಳಗೆ ಸವರಿ, ಭೂತಗನ್ನಡಿಯ ಅಡಿ ಇಟ್ಟು ತೋರಿಸಿದರು. ಬರಿಗಣ್ಣಿಗೆ ಬರೀ ಕಂದು ಕಾಣುವ ಜಾಗದಲ್ಲಿ ನೀರು ಹರಿಯುವ ರಂಧ್ರಗಳು, ಅವುಗಳ ಸುತ್ತ ತೆಳು ಬಿಳಿ ಅಂಚು, ಅಲೆಯಲೆಯಾದ ಗೆರೆಗಳು. ಮರ ತನ್ನ ಕುಲವನ್ನು ಮೈಯಲ್ಲೇ ಬರೆದುಕೊಂಡಿರುತ್ತದೆ. ಆದರೆ ಯಾವ ಭೂತಗನ್ನಡಿಯಲ್ಲೂ ಕಾಣದ್ದು ಒಂದಿದೆ: ಈ ಮರವನ್ನು ಯಾರು ಕಡಿದರು, ಕೇಳಿ ಕಡಿದರೋ ಕದ್ದು ಕಡಿದರೋ. ಅದಕ್ಕೆ ಕಾಗದವೇ ಸಾಕ್ಷಿ.

2019ರ ಆಗಸ್ಟ್‌ನಲ್ಲಿ ಜಿನೀವಾ ಸಭೆ ಸಂಗೀತದವರ ಅಳಲು ಕೇಳಿತು. ತಯಾರಾದ ವಾದ್ಯ, ವಾದ್ಯದ ತಯಾರಾದ ಬಿಡಿಭಾಗ, ಉಪಕರಣಗಳಿಗೆ ವಿನಾಯಿತಿ ಸಿಕ್ಕಿ, ಆ ವರ್ಷದ ನವೆಂಬರ್ 26ರಿಂದ ಜಾರಿಗೆ ಬಂತು. ದಿಮ್ಮಿ, ಕೊಯ್ದ ಹಲಗೆ, ತೆಳು ಪದರಗಳಿಗೆ ಪರವಾನಗಿ ಇಂದಿಗೂ ಬೇಕು. ನಾವು 2011ರಿಂದ ಫಿಂಗರ್‌ಬೋರ್ಡ್ ಮುಗಿಸಿ ಕಳಿಸುವ ರೂಢಿ ಮಾಡಿಕೊಂಡದ್ದು ಆಗ ಕೈಹಿಡಿಯಿತು. 2022ರಲ್ಲಿ ಪನಾಮಾ ಸಭೆ ಶೀಸಂ ವಸ್ತುಗಳಿಗೂ ಒಂದೊಂದು ವಸ್ತುವಿಗೆ 10 ಕಿಲೋ ಎಂದು ಲೆಕ್ಕ ಸಡಿಲಿಸಿತು. ಅದೇ ವರ್ಷ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, ಸೈಟಿಸ್ ಪಟ್ಟಿ ಮೊದಲ ಬಾರಿಗೆ ದೇಶದ ಕಾನೂನಿನೊಳಗೇ ಸೇರಿತು. 2023ರ ಕೊನೆಗೆ ದೇಶಕ್ಕೆಲ್ಲ ಒಂದೇ ಆನ್‌ಲೈನ್ ರಹದಾರಿ ವ್ಯವಸ್ಥೆಯೂ ಬಂತು. ನಾಕಾದಿಂದ ನಾಕಾಕ್ಕೆ ಕಾಗದ ಹಿಡಿದು ಓಡಾಡಿದ ನನ್ನಂಥವನಿಗೆ ಅದರ ಬೆಲೆ ಗೊತ್ತು.

ಇಷ್ಟೆಲ್ಲ ಆದ ಮೇಲೂ ಬೀಟೆ ಉಳಿಯುತ್ತದೆಯೇ ಎಂಬ ಚಿಂತೆ ನನಗೆ ಹೋಗಿಲ್ಲ. ಕಾರಣ ಊರಿನಲ್ಲಿದೆ. ಅಕ್ಕನನ್ನು ಯಲ್ಲಾಪುರದ ಕಡೆ ಕೊಟ್ಟಿದೆ. ಭಾವನ ಅಡಿಕೆ ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ. ಅಲ್ಲಿಯ ಸೊಪ್ಪು ತೋಟಕ್ಕೆ, ಮರ ಸರ್ಕಾರಕ್ಕೆ. ಈ ಏರ್ಪಾಡು ಬ್ರಿಟಿಷರ ಕಾಲದಿಂದಲೂ ಇದೆ. ಸ್ವಂತ ಮಾಲ್ಕಿ ಜಮೀನಿನಲ್ಲಿ ಬೀಟೆ ಇದ್ದರೂ ಕಡಿಯಲು ಅನುಮತಿ, ಸಾಗಿಸಲು ರಹದಾರಿ, ಆ ಜಮೀನಿನ ಮರದ ಮೇಲೆ ಸರ್ಕಾರದ ಹಕ್ಕು ಉಳಿದಿದೆಯೇ ಎಂದು ಹಳೆಯ ದಾಖಲೆಗಳ ತಲಾಶು. ಒಂದು ಬೇಸಿಗೆಯಲ್ಲಿ ತೋಟ ಸುತ್ತುವಾಗ ಭಾವನಿಗೆ ಬೇಲಿಯಂಚಿನ ಒಂದು ಸಸಿ ತೋರಿಸಿ, ‘ಇದು ಬೀಟೆ ಅಲ್ದಾ?’ ಎಂದು ಕೇಳಿದೆ.

‘ಹೌದು ಭಾವಾ. ಗೊತ್ತಾದ್ರೆ ಸಣ್ಣದಿದ್ದಾಗ್ಲೇ ಕಿತ್ತು ಒಗೀತೇವೆ. ದೊಡ್ಡಾದ್ಮೇಲೆ ಅದ್ರ ನೆರಳು ನಮ್ದು, ಮರ ನಮ್ದಲ್ಲ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಇತ್ತು. ಆ ಲೆಕ್ಕ ಭಾವನೊಬ್ಬರದಲ್ಲ. ಕೊಡಗಿನ ಜಮ್ಮಾ ಬಾಣೆಗಳಲ್ಲಿ ಮರದ ಹಕ್ಕಿಗೆ ಹಣ ಕಟ್ಟಿ ಬಿಡಿಸಿಕೊಂಡ ಜಮೀನು, ಬಿಡಿಸಿಕೊಳ್ಳದ ಜಮೀನು ಎಂಬ ಭೇದ ತಲೆಮಾರುಗಳಿಂದ ನಡೆದು ಬಂದಿದೆ. ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೀಟೆ, ನಂದಿ, ಮತ್ತಿಗಳಿದ್ದ ಕಡೆ ಈಗ ಸಾಲುಸಾಲು ಸಿಲ್ವರ್ ಓಕ್ ನಿಂತಿದೆ. ಆಸ್ಟ್ರೇಲಿಯಾದಿಂದ ಬಂದ ಆ ಮರ ಬೇಗ ಬೆಳೆಯುತ್ತದೆ, ಕಡಿಯಲು ಮಾರಲು ಈ ರಗಳೆಯಿಲ್ಲ. ರೈತ ಅದನ್ನೇ ನೆಡುತ್ತಾನೆ. ಬೀಟೆಯನ್ನು ಕಾಯಲೆಂದು ಮಾಡಿದ ನಿಯಮಗಳೇ ಬೀಟೆಯನ್ನು ತೋಟದಿಂದ ಹೊರಗೆ ಹಾಕುತ್ತಿವೆ. ಅತ್ತ ಜಾವಾ ದ್ವೀಪದಲ್ಲಿ ನಮ್ಮದೇ ಬೀಟೆಯನ್ನು ನೆಟ್ಟು, ಸೊನೊಕೆಲಿಂಗ್ ಎಂಬ ಹೆಸರಿನಲ್ಲಿ ಗಿಟಾರ್ ಕಂಪನಿಗಳಿಗೆ ಮಾರುತ್ತಿದ್ದಾರೆ.

ನಿಯಮವನ್ನು ಅವಸರದಲ್ಲಿ ಸಡಿಲಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ಕೇರಳದಲ್ಲಿ ಬೀಟೆ, ತೇಗ, ಗಂಧ, ಕರಿಮರಗಳು ರಾಜವೃಕ್ಷಗಳು. ಸರ್ಕಾರ ಹಂಚಿದ ಪಟ್ಟಾ ಜಮೀನಿನಲ್ಲೂ ಅವು ಸರ್ಕಾರದವೇ. 2020ರ ಅಕ್ಟೋಬರಿನಲ್ಲಿ ಹೊರಟ ಒಂದು ಆದೇಶದ ನೆಪ ಹಿಡಿದು ವಯನಾಡಿನ ಮುಟ್ಟಿಲ್‌ನಲ್ಲಿ ನೂರಾರು ವರ್ಷದ ಬೀಟೆ ಮರಗಳನ್ನು ಉರುಳಿಸಿದರು. ಕೆಲವೇ ತಿಂಗಳಲ್ಲಿ ಆದೇಶ ರದ್ದಾಯಿತು, ಉರುಳಿದ ಮರ ಏಳಲಿಲ್ಲ. ಅಲ್ಲಿ ಬಡ ಪಟ್ಟಾದಾರರಿಗೆ ಸಿಕ್ಕಿದ್ದು ಪುಡಿಗಾಸು, ಆಮೇಲೆ ಕೇಸು. ಹಳೆಯ ಕಾಡುಮರಕ್ಕೆ ಕಟ್ಟುನಿಟ್ಟಿನ ಕಾವಲು ಬೇಕೇ ಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೆ. ಆದರೆ ಕಾಡಿನ ನೂರಾರು ವರ್ಷದ ಮರ ಒಂದು, ರೈತ ತನ್ನ ಕೈಯಾರೆ ನೆಟ್ಟು ಬೆಳೆಸುವ ಮರ ಇನ್ನೊಂದು. ಎರಡಕ್ಕೂ ಒಂದೇ ಬೀಗ ಹಾಕಿದರೆ ಎರಡನೆಯದು ಹುಟ್ಟುವುದೇ ಇಲ್ಲ.

ಈ ಭೇದ ಮಾಡಲು ಬರುತ್ತದೆಂದು ಕರ್ನಾಟಕವೇ ತೋರಿಸಿದೆ. 2001ರವರೆಗೆ ಗಂಧದ ಮರ ಯಾರ ಹಿತ್ತಿಲಲ್ಲಿ ಬೆಳೆದರೂ ಸರ್ಕಾರದ್ದು. ಆ ವರ್ಷ ಕಾಯ್ದೆಗೆ ತಿದ್ದುಪಡಿ ತಂದು, ಜಮೀನಿನವನೇ ಗಂಧದ ಒಡೆಯ ಎಂದಿತು ಸರ್ಕಾರ. ಆಮೇಲೆ ರೈತರು ತಾವಾಗಿ ಗಂಧ ನೆಡಲು ಮುಂದೆ ಬಂದರು. ಬೀಟೆಗೂ ಅದೇ ಆಗಬೇಕು. ನೆಟ್ಟ ವರ್ಷವೇ ಸಸಿಯನ್ನು ಪಹಣಿಯಲ್ಲಿ ಬರೆಸುವ ಸೌಕರ್ಯ ಸಿಗಲಿ. ಬರೆಸಿದ ಮರದ ಪೂರ್ತಿ ಹಕ್ಕು ನೆಟ್ಟವನದು ಎಂದು ಕಾನೂನು ಹೇಳಲಿ. ಬಲಿತ ಮೇಲೆ ಅದೇ ನಂಬರಿನ ಮೇಲೆ ಆನ್‌ಲೈನ್ ರಹದಾರಿ ಹೊರಡಲಿ. ಆಗ ಬಂದರಿನಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಮರ ಸಸಿಯಾಗಿದ್ದಾಗಲೇ ತಯಾರಿರುತ್ತದೆ. ಕದ್ದ ಮರಕ್ಕೆ ಅಂಥ ಕಾಗದ ಹುಟ್ಟಿಸಲು ಯಾರಿಗೂ ಸಾಧ್ಯವಿಲ್ಲ.

ಕೊಳ್ಳುವವರಿಗೂ ಒಂದು ಮಾತು. ಮಗಳಿಗೋ ಮೊಮ್ಮಗನಿಗೋ ಬೀಟೆ ಹಾಕಿದ ಗಿಟಾರ್, ವೀಣೆ ಕೊಳ್ಳುವಾಗ ಮರ ಎಲ್ಲಿಯದು ಎಂದು ಅಂಗಡಿಯವನನ್ನು ಕೇಳಿ. ಕೇಳುವವರಿದ್ದರೆ ಅಂಗಡಿಯವನು ಕಾರ್ಖಾನೆಯನ್ನು ಕೇಳುತ್ತಾನೆ, ಕಾರ್ಖಾನೆ ಡಿಪೋವನ್ನು ಕೇಳುತ್ತದೆ. ಬೀಟೆ ಬಲಿಯಲು ಒಬ್ಬ ಮನುಷ್ಯನ ಆಯುಷ್ಯ ಸಾಲದು. ಮುಂದಿನ ಶತಮಾನದ ವಾದ್ಯಕ್ಕೆ ಬೇಕಾದ ಮರವನ್ನು ಈಗಲೇ ಯಾರಾದರೂ ನೆಡಬೇಕು. ಅದು ತನ್ನ ಮಕ್ಕಳದಾಗಿಯೇ ಉಳಿಯುತ್ತದೆ ಎಂಬ ಭರವಸೆ ಸಿಕ್ಕರೆ ಭಾವನಂಥವರು ಖಂಡಿತ ನೆಡುತ್ತಾರೆ. ಆ ಭರವಸೆ ಕೊಡುವುದು ಬೆಂಗಳೂರಿನ ವಿಧಾನಸೌಧದ ಕೈಯಲ್ಲಿದೆ.